ಐದು ಕಿವಿ, ಏಳು ಗ್ರಹ

ನಮ್ಮ ಊರುಗಳಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶನ ಹಬ್ಬದ ರಾತ್ರಿ. ಪೆಂಡಾಲು, ಬಣ್ಣದ ಲೈಟು, ಕೀಬೋರ್ಡು, ರಿದಮ್ ಪ್ಯಾಡು. ಅಣ್ಣಾವ್ರ ಹಾಡಿನಿಂದ ಶುರುವಾಗಿ, ಟಪ್ಪಾಂಗುಚ್ಚಿಗೆ ಬಂದು, ಪೊಲೀಸರು ಬಂದಮೇಲೆ ಮುಗಿಯುವ ಕಾರ್ಯಕ್ರಮ. ಹಾಗಾಗಿ "ರಾತ್ರಿ ನಮ್ಮ ರೂಮಲ್ಲಿ ಆರ್ಕೆಸ್ಟ್ರಾ ಇದೆ" ಅಂದಾಗ ಪಕ್ಕದ ರೂಮಿನವರು ಕುರ್ಚಿ ಹೊತ್ತುಕೊಂಡೇ ಬಂದರು. ಐದು ನಿಮಿಷ ಕೂತರು. "ಹಾಡೋರು ಯಾವಾಗ ಬರ್ತಾರೆ ಗುರು?" ಅಂತ ಕೇಳಿ, ಕುರ್ಚಿ ಸಮೇತ ಎದ್ದು ಹೋದರು. ತಮಾಷೆ ಏನಂದ್ರೆ, ಹಾಡೋರು ಬರ್ತಾರೆ. ಮುಕ್ಕಾಲು ಗಂಟೆ ಕಾಯಬೇಕು ಅಷ್ಟೆ.

ನಾವು ಕೇಳುವುದು ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ ಬರೆದ 'ದಿ ಪ್ಲಾನೆಟ್ಸ್'. ಏಳು ಗ್ರಹ, ಏಳು ಭಾಗ, ಎಲ್ಲ ಸೇರಿ ಸುಮಾರು 50 ನಿಮಿಷ. ಆರು ಹಾರ್ನ್, ಎರಡು ಹಾರ್ಪ್, ಇಬ್ಬರು ಸೇರಿ ಬಾರಿಸುವ ಆರು ಟಿಂಪನಿ, ಜೊತೆಗೊಂದು ಆರ್ಗನ್ ಇರುವ ದೈತ್ಯ ಆರ್ಕೆಸ್ಟ್ರಾ. ನಾವು ಅಂದರೆ ಹಾಸ್ಟೆಲಿನ ಒಂದು ರೂಮಿನ ಮೂವರು. ಮೂವರಲ್ಲಿ ಯಾರಿಗೂ ಸಂಗೀತ ಬರಲ್ಲ. ಸ್ವರಲಿಪಿ ಓದಲು ಬರಲ್ಲ, ರಾಗ ಗುರುತಿಸಲು ಬರಲ್ಲ. ಬರುವುದೆಲ್ಲ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಮಾತ್ರ, ಅದೂ ಇಂಟರ್ನಲ್ಸ್ ಹಿಂದಿನ ರಾತ್ರಿ. ಮೂವರದೂ ಸೇರಿ ಕೇಳಿಸುವ ಕಿವಿ ಐದು. ಆರನೆಯದರ ವಿಷಯ ಮುಂದೆ ಬರುತ್ತೆ. ಅದನ್ನು ಬರೀರಿ ಅಂತ ಆ ಕಿವಿಯ ಮಾಲೀಕನೇ ಹೇಳಿದ್ದಾನೆ.

ಇಲ್ಲಿಗೆ ನಾವು ಬಂದ ದಾರಿ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದೇ: 'ಇಂಟರ್‌ಸ್ಟೆಲ್ಲರ್'. ಆ ಸಿನಿಮಾದ ಆರ್ಗನ್ ಕೇಳಿ ಮೈ ಜುಮ್ಮೆಂದವರು ಮುಂದೆ ಏನು ಕೇಳೋದು ಅಂತ ಹುಡುಕುತ್ತಾರೆ, ನಾವೂ ಹುಡುಕಿದೆವು. ಹುಡುಕುವಾಗ ಸಿಕ್ಕ ಒಂದು ಸಣ್ಣ ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಹಾನ್ಸ್ ಝಿಮ್ಮರ್ ಆ ಆರ್ಗನ್ನನ್ನು ಕಂಪ್ಯೂಟರಿನಲ್ಲಿ ಮಾಡಿ ಮುಗಿಸಲಿಲ್ಲ, ಲಂಡನ್ನಿನ ಟೆಂಪಲ್ ಚರ್ಚ್ ಅನ್ನುವ ಹಳೇ ಚರ್ಚಿಗೆ ಹೋಗಿ ನಿಜವಾದ ಪೈಪ್ ಆರ್ಗನ್ ನುಡಿಸಿ ರೆಕಾರ್ಡ್ ಮಾಡಿಸಿದರು. ಪೈಪ್ ಆರ್ಗನ್ ಅಂದರೆ ಗಾಳಿ. ಕೊಳವೆಗಳೊಳಗೆ ಗಾಳಿ ನುಗ್ಗಬೇಕು, ಆಮೇಲೆ ಆ ಸದ್ದು ಚರ್ಚಿನ ಕಲ್ಲಿಗೆ ಬಡಿದು ವಾಪಸ್ ಬರಬೇಕು. ಬಾಹ್ಯಾಕಾಶದಲ್ಲಿ ಇರದೇ ಇರೋದು ಅದೊಂದೇ ಅಲ್ವಾ, ಗಾಳಿ? ಅಲ್ಲಿ ಸದ್ದೇ ಇಲ್ಲ ಅಂತ ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಅಂದರೆ ಬಾಹ್ಯಾಕಾಶದ ಸಂಗೀತ ಅಂತ ನಾವು ಕೇಳೋದೆಲ್ಲ ಭೂಮಿಯ ಮೇಲಿನ ಯಾವುದೋ ಒಂದು ರೂಮಿನ ಗಾಳಿ. ಅದನ್ನು ಇನ್ನೊಂದು ರೂಮಿನಲ್ಲಿ ಕೂತು ಕೇಳ್ತೀವಿ. ನಡುವೆ ರೆಕಾರ್ಡಿಂಗ್ ಇದೆ.

ಹೋಲ್ಸ್ಟ್ ವಿಷಯದಲ್ಲಿ ಇದು ಇನ್ನೂ ಮಜವಾಗಿದೆ. ಅವರು ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಸೇಂಟ್ ಪಾಲ್ಸ್ ಹುಡುಗಿಯರ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ವಾರವಿಡೀ ಪಾಠ, ಕಂಪೋಸ್ ಮಾಡೋಕೆ ಸಿಗುತ್ತಿದ್ದದ್ದು ವಾರಾಂತ್ಯ, ರಜೆ ಅಷ್ಟೆ. ಆ ಶಾಲೆಯಲ್ಲಿ ಅವರಿಗೊಂದು ಸೌಂಡ್‌ಪ್ರೂಫ್ ಕೋಣೆ ಇತ್ತು. 1914ರಿಂದ 1917ರವರೆಗೆ, ಹೊರಗೆ ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಹೊರಗಿನ ಸದ್ದೇ ಬರದ ಕೋಣೆಯಲ್ಲಿ ಕೂತು ಅವರು ಗ್ರಹಗಳನ್ನು ಬರೆದರು. ಬಲಗೈಯಲ್ಲಿ ನರಗಳ ನೋವು, ಹೆಚ್ಚು ಹೊತ್ತು ಬರೆಯೋಕಾಗುತ್ತಿರಲಿಲ್ಲ. ದೊಡ್ಡ ಸ್ಕೋರಿನ ಬಹುಪಾಲನ್ನು ಸಹೋದ್ಯೋಗಿಗಳ ಕೈಯಲ್ಲಿ ಬರೆಸಿದರು.

ಅವರಿಗೆ ಟೆಲಿಸ್ಕೋಪಿನ ಗ್ರಹಗಳಲ್ಲಿ ಅಂಥ ಆಸಕ್ತಿ ಇರಲಿಲ್ಲ. ಆಸಕ್ತಿ ಇದ್ದದ್ದು ಜಾತಕದ ಗ್ರಹಗಳಲ್ಲಿ. ಹೌದು, ನಮ್ಮಮ್ಮಂದಿರು ನೋಡಿಸುವ ಅದೇ ಜಾತಕ. 1913ರಲ್ಲಿ ಗೆಳೆಯರ ಜೊತೆ ಸ್ಪೇನ್‌ಗೆ ಪ್ರವಾಸ ಹೋದಾಗ ಜ್ಯೋತಿಷ್ಯದ ಹುಚ್ಚು ಹತ್ತಿತು, ಆಮೇಲೆ ಗೆಳೆಯರ ಜಾತಕ ಬರೆಯೋದೇ ಅವರ ಹವ್ಯಾಸ. ಅದಕ್ಕೇ ಈ ಕೃತಿಯಲ್ಲಿ ಭೂಮಿ ಇಲ್ಲ. ಜಾತಕದಲ್ಲಿ ಭೂಮಿಗೇನು ಕೆಲಸ? ಮಂಗಳ ಯುದ್ಧ ತರುವವನು, ಶುಕ್ರ ಶಾಂತಿ ತರುವವಳು, ಬುಧ ರೆಕ್ಕೆಯ ದೂತ, ಗುರು ಉಲ್ಲಾಸ ತರುವವನು, ಶನಿ ಮುಪ್ಪು ತರುವವನು, ಯುರೇನಸ್ ಮಾಂತ್ರಿಕ, ನೆಪ್ಚೂನ್ ಅನುಭಾವಿ. ಇನ್ನೊಂದು ವಿಷಯ: ಈ ಮನುಷ್ಯ ಇದಕ್ಕೂ ಮೊದಲೇ ಸಂಸ್ಕೃತ ಕಲಿತಿದ್ದರು. ಸಿಕ್ಕ ಅನುವಾದಗಳು ರುಚಿಸದೆ, ಋಗ್ವೇದದ ಸೂಕ್ತಗಳನ್ನು ತಾವೇ ಇಂಗ್ಲಿಷಿಗೆ ತಂದು ಕೋರಸ್‌ಗೆ ಕೂರಿಸಿದರು. ಮಹಾಭಾರತದ ಸಾವಿತ್ರಿಯ ಕತೆಯ ಮೇಲೆ ಒಂದು ಪುಟ್ಟ ಒಪೆರಾ ಕೂಡ ಬರೆದಿದ್ದಾರೆ. ಇದನ್ನು ಓದಿದಾಗ ನಮ್ಮಲ್ಲೊಬ್ಬ, "ಹಾಗಾದ್ರೆ ಇದು ನಮ್ದೇ" ಅಂತ ಎದೆ ತಟ್ಟಿಕೊಂಡ. ಅಷ್ಟೇನೂ ಇಲ್ಲ. ಅವರ ಮಂಗಳನಲ್ಲಿ ಕುಜದೋಷ ಇಲ್ಲ, ಅವರ ಗುರು ಅಸೈನ್‌ಮೆಂಟ್ ಕೇಳಲ್ಲ. ಆದರೆ ಗ್ರಹವನ್ನು ಕಲ್ಲಿನ ಗುಂಡು ಅಂತ ನೋಡದೆ ಒಂದು ಸ್ವಭಾವ ಅಂತ ನೋಡೋದು ನಮಗೆ ಹೊಸದಲ್ಲ, ಅದು ನಿಜ. ಮುತ್ತುಸ್ವಾಮಿ ದೀಕ್ಷಿತರು ಹೋಲ್ಸ್ಟ್‌ಗಿಂತ ನೂರು ವರ್ಷ ಮೊದಲೇ ನವಗ್ರಹ ಕೃತಿಗಳನ್ನು ಮಾಡಿದ್ದರು. ಅಂಗಾರಕನಿಗೆ ಸುರಟಿ, ಶನಿಗೆ ಯದುಕುಲಕಾಂಬೋಧಿ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ರಾಗ. ಮೊದಲ ಏಳಕ್ಕೆ ಏಳು ಸುಳಾದಿ ತಾಳಗಳು. ಒಂದು ಭಾನುವಾರ ಅದನ್ನೂ ಕೇಳಿದೆವು. ಅದರ ಬಗ್ಗೆ ಬರೆಯೋಕೆ ಕ್ಲಬ್ಬಿನಲ್ಲಿ ನಮಗಿಂತ ಗೊತ್ತಿರೋರಿದ್ದಾರೆ, ಅವರು ಬರೀಲಿ.

ಮೊದಲ ಭಾಗ ಮಂಗಳ. ನೀವು ಇದನ್ನು ಕೇಳೇ ಇಲ್ಲ ಅಂದುಕೊಂಡರೂ ಇದರ ಮಕ್ಕಳು ಮೊಮ್ಮಕ್ಕಳನ್ನು ಕೇಳಿರ್ತೀರಿ. ಸಿನಿಮಾಗಳಲ್ಲಿ ದುಷ್ಟರ ಸೇನೆ ಬಂದಾಗ ಬಾರಿಸುವ ಆ ಕುಟ್ಟುವ ತಾಳ ಇದೆಯಲ್ಲ, ಅದರ ಅಜ್ಜ ಇದು. ವಿಚಿತ್ರ ಏನಂದರೆ ಇದು ನಾಲ್ಕರ ಲೆಕ್ಕದಲ್ಲಿಲ್ಲ, ಐದರ ಲೆಕ್ಕದಲ್ಲಿದೆ. ಸೈನಿಕನಿಗೆ ಎರಡು ಕಾಲು, ಐದರ ತಾಳಕ್ಕೆ ಮಾರ್ಚ್ ಮಾಡೋಕಾಗಲ್ಲ. ನಾವು ಕಾರಿಡಾರಿನಲ್ಲಿ ಪ್ರಯತ್ನಿಸಿದ್ದೇವೆ: ಮೊದಲ ಸುತ್ತಿನಲ್ಲಿ ಎಡಗಾಲಿನಿಂದ ಶುರುವಾದರೆ ಎರಡನೇ ಸುತ್ತಿನಲ್ಲಿ ಬಲಗಾಲಿಗೆ ಬೀಳುತ್ತೆ. ಶುರುವಿನಲ್ಲಿ ಪಿಟೀಲಿನವರು ಬಿಲ್ಲಿನ ಕೂದಲಿನಿಂದ ಉಜ್ಜಲ್ಲ, ಬಿಲ್ಲನ್ನು ತಿರುಗಿಸಿ ಮರದ ಕಡ್ಡಿಯಿಂದಲೇ ತಂತಿಯ ಮೇಲೆ ಬಡೀತಾರೆ. ಒಣ ಮೂಳೆ ಬಡಿದ ಹಾಗೆ ಕೇಳುತ್ತೆ. ನಮ್ಮ ಸ್ಪೀಕರಿನಲ್ಲಿ ಮೊದಮೊದಲು ಅದು ಕೇಳಿಸುತ್ತಲೇ ಇರಲಿಲ್ಲ, ಯಾಕೆಂದರೆ ಫ್ಯಾನು. ಈ ಫ್ಯಾನನ್ನು ನೆನಪಿಟ್ಟುಕೊಳ್ಳಿ.

ಇಲ್ಲಿಂದ ನಮ್ಮ ಜಗಳ ಶುರು. ಒಂದೇ ಸ್ಕೋರು, ಆದರೆ ರೆಕಾರ್ಡಿಂಗುಗಳು ಹತ್ತಾರು. ಯಾವುದು ಸರಿ? ಇಂಜಿನಿಯರಿಂಗ್ ಓದುವವರಿಗೆ ಸರಿಯುತ್ತರ ಒಂದಿರಲೇಬೇಕು. ಅದೃಷ್ಟಕ್ಕೆ ಹೋಲ್ಸ್ಟ್ ಸ್ವತಃ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಈ ಕೃತಿಯನ್ನು ಎರಡು ಸಲ ರೆಕಾರ್ಡ್ ಮಾಡಿದ್ದಾರೆ. ಮೊದಲ ಸಲ, 1920ರ ದಶಕದ ಆರಂಭದಲ್ಲಿ, ಮೈಕೇ ಇಲ್ಲ. ದೊಡ್ಡ ಕಹಳೆಯಂಥ ಕೊಳವೆಯ ಮುಂದೆ ವಾದ್ಯದವರು ಒತ್ತೊತ್ತಾಗಿ ಕೂರಬೇಕು, ಸದ್ದಿನ ಒತ್ತಡವೇ ಮುಳ್ಳನ್ನು ಅಲುಗಾಡಿಸಿ ಮೇಣದಲ್ಲಿ ಗೆರೆ ಕೊರೆಯುತ್ತೆ. ಎರಡನೆಯದು 1926ರಲ್ಲಿ, ಮೈಕ್ ಬಂದಮೇಲೆ. ಇದು ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತೆ. ಅದರಲ್ಲಿ ಮಂಗಳ 6 ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತಾನೆ. ಅದೇ ಮಂಗಳ ಏಡ್ರಿಯನ್ ಬೋಲ್ಟ್ ಅವರ 1978ರ ರೆಕಾರ್ಡಿಂಗ್‌ನಲ್ಲಿ 8 ನಿಮಿಷದ ಹತ್ತಿರ ತಗೋತಾನೆ. ಎರಡು ನಿಮಿಷ ಅಂದರೆ ಸಣ್ಣ ಎರರ್ ಅಲ್ಲ, ಮೂವತ್ತು ಪರ್ಸೆಂಟ್.

ಬರೆದವರೇ ನುಡಿಸಿದ್ದು ಸರಿ, ಮುಗೀತು ಅಂತ ಒಬ್ಬ. ಇನ್ನೊಬ್ಬನ ವಾದ ಹೀಗೆ: ಆಗಿನ 78 ಆರ್‌ಪಿಎಂ ಪ್ಲೇಟಿನ ಒಂದು ಮುಖಕ್ಕೆ ಹಿಡಿಸುತ್ತಿದ್ದದ್ದು ನಾಲ್ಕು ನಿಮಿಷ ಚಿಲ್ಲರೆ. ಮಂಗಳನನ್ನು ನಡುವೆ ಕತ್ತರಿಸಿ, ಪ್ಲೇಟು ತಿರುಗಿಸಿ ಮುಂದುವರಿಸಬೇಕು. ಗಡಿಯಾರ ನೋಡುತ್ತಾ ನುಡಿಸಿದ್ದು ಸರಿಯುತ್ತರ ಹೇಗಾಗುತ್ತೆ? ಇನ್ನು ಬೋಲ್ಟ್ ಅಂದರೆ ಯಾರೋ ಹೊರಗಿನವರಲ್ಲ. ಈ ಕೃತಿಯನ್ನು ಜಗತ್ತು ಮೊದಲು ಕೇಳಿದ್ದೇ ಅವರ ಕೈಯಿಂದ. 1918ರ ಸೆಪ್ಟೆಂಬರ್ 29, ಲಂಡನ್ನಿನ ಕ್ವೀನ್ಸ್ ಹಾಲ್, ಆಹ್ವಾನಿತರಿಗೆ ಮಾತ್ರ. ಯುದ್ಧ ಇನ್ನೂ ಮುಗಿದಿರಲಿಲ್ಲ. ವಾದ್ಯದವರಿಗೆ ರಿಹರ್ಸಲ್‌ಗೆ ಎರಡು ಗಂಟೆಯೂ ಸಿಕ್ಕಿರಲಿಲ್ಲ. ಆಗ ಬೋಲ್ಟ್‌ಗೆ 29 ವರ್ಷ. 1978ರಲ್ಲಿ 89. ನಡುವೆ ಮೊದಲ ಯುದ್ಧ ಮುಗಿದು, ಎರಡನೆಯದೂ ಬಂದು ಹೋಗಿದೆ. ಅವರ ಮಂಗಳ ಓಡಲ್ಲ. ನಿಧಾನಕ್ಕೆ, ಭಾರವಾಗಿ, ಯಾರನ್ನೂ ಬಿಡದೆ ಬರ್ತಾನೆ. ನಮ್ಮ ಮತ ಕೊನೆಗೆ ಎರಡು–ಒಂದು, ಬೋಲ್ಟ್ ಪರ. ವಿರೋಧದ ಒಂದು ಮತ ಆ ಐದು ಕಿವಿಯ ಲೆಕ್ಕ ತಪ್ಪಿಸಿದವನದು.

ಅವನಿಗೆ ಎಡಗಿವಿ ಕೇಳಿಸಲ್ಲ. ಆರು ವರ್ಷದವನಿದ್ದಾಗ ಮಂಗನಬಾವು ಬಂದು ಹೋಯಿತು, ಹೋಗುವಾಗ ಆ ಕಿವಿಯನ್ನು ತಗೊಂಡು ಹೋಯಿತು. ಕ್ಲಾಸಿನಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಎಡಗಡೆಯ ಕೊನೆಯ ಬೆಂಚು ಹಿಡಿದು, ಬಲಗಿವಿಯನ್ನು ಲೆಕ್ಚರರ್ ಕಡೆಗಿಟ್ಟು ಕೂರ್ತಾನೆ, ಅಷ್ಟೆ. ಹಿಂದಿನಿಂದ ಕರೆದರೆ ಸುತ್ತ ಎಲ್ಲ ಕಡೆ ನೋಡ್ತಾನೆ, ಯಾಕೆಂದರೆ ಸದ್ದು ಬಂತು ಅಂತ ಗೊತ್ತಾಗುತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ. ದಿಕ್ಕು ತಿಳಿಯೋಕೆ ಎರಡು ಕಿವಿ ಬೇಕು. ಬಲಗಡೆಯ ಸದ್ದು ಬಲಗಿವಿಗೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಮೊದಲು ಮುಟ್ಟುತ್ತೆ. ಆ ಚೂರು ವ್ಯತ್ಯಾಸದಿಂದಲೇ ಮಿದುಳು ದಿಕ್ಕು ಲೆಕ್ಕ ಹಾಕುತ್ತೆ. ಸ್ಟೀರಿಯೋ ರೆಕಾರ್ಡಿಂಗ್ ಅನ್ನೋದೆಲ್ಲ ನಿಂತಿರೋದು ಇದರ ಮೇಲೆಯೇ.

ಫಸ್ಟ್ ಇಯರಿನಲ್ಲಿ ಅವನು ಪ್ಲಾನೆಟ್ಸ್ ಕೇಳಿದ್ದು ಇಯರ್‌ಫೋನಿನಲ್ಲಿ, ಬಲಗಿವಿಗೆ ಒಂದೇ. ಈಗಿನ ಆರ್ಕೆಸ್ಟ್ರಾಗಳಲ್ಲಿ ಸಾಮಾನ್ಯವಾಗಿ ಮೊದಲ ಪಿಟೀಲಿನವರು ಎಡಗಡೆ, ಚೆಲ್ಲೋ ಮತ್ತು ಡಬಲ್ ಬಾಸ್ ಬಲಗಡೆ ಕೂರುತ್ತಾರೆ. ಅಂದರೆ ಅವನು ವರ್ಷವಿಡೀ ಕೇಳಿದ್ದು ದಪ್ಪ ದನಿಯ ಗ್ರಹಗಳನ್ನು, ಪಿಟೀಲು ಎಲ್ಲೋ ದೂರದಲ್ಲಿ. "ಶುಕ್ರದಲ್ಲಿ ಪಿಟೀಲು ಎಷ್ಟು ಚೆನ್ನಾಗಿದೆ" ಅಂತ ನಾವಂದರೆ, "ಯಾವ ಪಿಟೀಲು?" ಅಂತಿದ್ದ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ 'ಮೋನೋ ಆಡಿಯೋ' ಅಂತ ಒಂದು ಬಟನ್ ಇದೆ, ಎರಡೂ ಚಾನೆಲ್ ಕೂಡಿಸಿ ಎರಡೂ ಕಡೆ ಕೊಡುತ್ತೆ. ಅದನ್ನು ಒತ್ತಿದ ದಿನ ಅವನು ಶುಕ್ರವನ್ನು ಮೂರು ಸಲ ಹಾಕಿದ. ಏನೂ ಹೇಳಲಿಲ್ಲ. ಮೂರನೇ ಸಲ ಮುಗಿದಮೇಲೆ ಮೆಸ್ಸಿಗೆ ಹೋಗೋಣ ನಡೀರಿ ಅಂದ. ಆವತ್ತಿನಿಂದ ರೂಮಿನಲ್ಲಿ ಇಯರ್‌ಫೋನ್ ಬಂದ್, ಒಂದೇ ಬ್ಲೂಟೂತ್ ಸ್ಪೀಕರ್, ಮೂವರ ಮಂಚಗಳ ನಡುವೆ, ಬಕೆಟ್ ಬೋರಲು ಹಾಕಿ ಅದರ ಮೇಲೆ.

ಅವನಿಗೆ 1926 ಯಾಕಿಷ್ಟ ಅನ್ನೋದಕ್ಕೆ ಎರಡು ಕಾರಣ. ಒಂದು, ಅದು ಹುಟ್ಟಿದ್ದೇ ಮೋನೋ. ಅದರಲ್ಲಿ ಅವನಿಗೆ ಕಮ್ಮಿ, ನಮಗೆ ಜಾಸ್ತಿ ಅನ್ನೋದು ಏನೂ ಇಲ್ಲ. ಇನ್ನೊಂದು ಆ ಹಳೇ ಪ್ಲೇಟಿನ 'ಸ್ಸ್' ಅನ್ನುವ ಸದ್ದು. ಕೇಳಿಸದ ಅವನ ಎಡಗಿವಿಯೊಳಗೆ ಯಾವಾಗಲೂ ಹಾಗೇ ಒಂದು ಸಣ್ಣ ಸದ್ದು ಇರುತ್ತಂತೆ, ಹಗಲು ರಾತ್ರಿ. ನಿಶ್ಶಬ್ದ ಅಂದರೇನು ಅಂತ ಅವನಿಗೆ ನೆನಪಿಲ್ಲ. "ಈ ರೆಕಾರ್ಡಿಂಗ್ ಒಂದ್ರಲ್ಲೇ ನಿಮಗೂ ನನ್ನ ಥರಾನೇ ಕೇಳ್ಸೋದು" ಅಂದ ಒಂದು ದಿನ. ಅದಾದಮೇಲೆ ಯಾವುದು ಸರಿಯುತ್ತರ ಅನ್ನುವ ಜಗಳ ನಮ್ಮ ರೂಮಿನಲ್ಲಿ ಮತ್ತೆ ಬಂದಿಲ್ಲ.

ನಡುವಿನ ಗ್ರಹಗಳನ್ನು ಬೇಗ ದಾಟೋಣ. ಬುಧ ನಾಲ್ಕು ನಿಮಿಷ, ಚಾಯ್ ಮಾಡುವುದರೊಳಗೆ ಮುಗಿಯುತ್ತೆ. ಗುರು ಎಲ್ಲರಿಗೂ ಇಷ್ಟವಾಗುತ್ತಾನೆ, ನಮಗೂ. ಅದರ ನಡುವಿನ ನಿಧಾನದ ರಾಗಕ್ಕೆ ಆಮೇಲೆ ದೇಶಭಕ್ತಿಯ ಪದ್ಯ ಕೂರಿಸಿ ಇಂಗ್ಲೆಂಡಿನವರು ಇವತ್ತಿಗೂ ಹಾಡ್ತಾರೆ. ಯುರೇನಸ್ ಸ್ವಲ್ಪ ಸರ್ಕಸ್. ಈ ಜೋರಿನ ಭಾಗಗಳಿಗೆಲ್ಲ ನಮ್ಮ ರೂಮಿನ ಒಮ್ಮತದ ಆಯ್ಕೆ ಮುಂಬೈಯಲ್ಲಿ ಹುಟ್ಟಿದ ಝುಬಿನ್ ಮೆಹ್ತಾ, ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ಜೊತೆ 1971ರಲ್ಲಿ ಮಾಡಿದ್ದು. ಅಲ್ಲಿನ ಯೂನಿವರ್ಸಿಟಿಯೊಂದರ ರಾಯ್ಸ್ ಹಾಲ್ ಅನ್ನುವ ಸಭಾಂಗಣದಲ್ಲಿ ಆದ ರೆಕಾರ್ಡಿಂಗ್ ಅದು. ಅಂದರೆ ಒಂದು ಕಾಲೇಜ್ ಆಡಿಟೋರಿಯಂ. ನಮ್ಮ ಆಡಿಟೋರಿಯಂನಲ್ಲಿ ಮೈಕ್ ಟೆಸ್ಟಿಂಗ್ ಒನ್ ಟು ತ್ರೀ ಅಂದರೇ ಎರಡು ಸಲ ವಾಪಸ್ ಕೇಳುತ್ತೆ, ಇರಲಿ.

ಶನಿಯನ್ನು ಮಾತ್ರ ಬೇಗ ದಾಟೋಕಾಗಲ್ಲ. ಹೋಲ್ಸ್ಟ್‌ಗೆ ಏಳರಲ್ಲಿ ತುಂಬ ಇಷ್ಟವಾಗಿದ್ದದ್ದು ಇದೇ. ಕೊಳಲು ಮತ್ತು ಹಾರ್ಪ್ ಎರಡೇ ಸ್ವರಗುಚ್ಛಗಳ ನಡುವೆ ಆ ಕಡೆ ಈ ಕಡೆ ತೂಗುತ್ತವೆ, ಅಜ್ಜನ ಮನೆಯ ಗೋಡೆ ಗಡಿಯಾರದ ಥರ. ಕೆಳಗೆ ಡಬಲ್ ಬಾಸ್ ಏನೋ ಗೊಣಗುತ್ತೆ. ಆಮೇಲೆ ಟ್ರೊಂಬೋನುಗಳು ಮೆರವಣಿಗೆಯ ಹಾಗೆ ಹತ್ತಿರ ಹತ್ತಿರ ಬರ್ತಾವೆ, ಗಂಟೆಗಳು ಹೊಡಕೊಳ್ಳೋಕೆ ಶುರುವಾಗ್ತಾವೆ, ಬೆಂಕಿ ಬಿದ್ದಾಗ ಹೊಡೀತಾರಲ್ಲ ಹಾಗೆ. ಭಯ ಆಗುತ್ತೆ. ಅಷ್ಟರಲ್ಲಿ ಎಲ್ಲ ಸರಿದುಹೋಗಿ, ಅದೇ ಗಡಿಯಾರ ಈಗ ಬೇರೆ ಥರ, ಬೆಚ್ಚಗೆ ತೂಗುತ್ತೆ.

ನಮ್ಮ ಕಡೆ ಶನಿ ಅಂದರೆ ಕತೆಯೇ ಬೇರೆ. ಕಿವಿ ಹೋದ ವರ್ಷ ಅವನಿಗೆ ಸಾಡೇಸಾತಿ ನಡೀತಿತ್ತು ಅಂತ ಮನೆಯಲ್ಲಿ ಯಾರೋ ಲೆಕ್ಕ ಹಾಕಿ ಹೇಳಿದರಂತೆ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಶನಿವಾರ ಅವನಮ್ಮ ನವಗ್ರಹದ ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬರ್ತಾರೆ. ಹದಿಮೂರು ವರ್ಷ ಆಯ್ತು, ದೀಪ ನಿಂತಿಲ್ಲ. ಅವನಿಗೆ ಪೈಲಟ್ ಆಗಬೇಕಂತಿತ್ತು, ಅಲ್ಲಿಂದ ಮುಂದೆ ಇನ್ನೂ ಮೇಲೆ. ಗಗನಯಾನಕ್ಕೆ ಆರಿಸಿದವರೆಲ್ಲ ವಾಯುಸೇನೆಯ ಪೈಲಟ್‌ಗಳೇ ತಾನೆ. ಎರಡೂ ಕಿವಿ ಕೇಳದಿದ್ದರೆ ಆ ಬಾಗಿಲು ತೆರೆಯಲ್ಲ ಅಂತ ಪಿಯುಸಿಯಲ್ಲಿ ಗೊತ್ತಾಯಿತು. ಇದನ್ನೆಲ್ಲ ಅವನು ಹೇಳಿದ್ದು ಒಂದು ಶನಿವಾರ ರಾತ್ರಿ, ಈ ಭಾಗ ಮುಗಿದಮೇಲೆ, ಲೈಟ್ ಆರಿಸಿದ ಮೇಲೆ. "ಅಮ್ಮನಿಗೆ ಇದನ್ನ ಕೇಳಿಸ್ಬೇಕು. ಇವನು ಬರ್ತಾನೆ, ಹೆದರಿಸ್ತಾನೆ, ಆಮೇಲೆ ಪಕ್ಕದಲ್ಲಿ ಕೂತ್ಕೋತಾನೆ" ಅಂದ. ದಸರಾ ರಜೆಗೆ ಊರಿಗೆ ಹೋದಾಗ ಕೇಳಿಸಿದನಂತೆ. ಅಮ್ಮ ಪೂರ್ತಿ ಕೇಳಿ, "ಗಂಟೆ ಚೆನ್ನಾಗಿದೆ ಕಣೋ, ಗುಡಿಯಲ್ಲಿ ರೆಕಾರ್ಡ್ ಮಾಡಿದ್ದಾ?" ಅಂದರಂತೆ. ಆ ವಾರವೂ ದೀಪ ಹಚ್ಚಿದರು.

ಪ್ಲೂಟೋ ಎಲ್ಲಿ ಅಂತ ಕೇಳೋರಿಗೆ: ಅದನ್ನು ಕಂಡುಹಿಡಿದಿದ್ದು 1930ರಲ್ಲಿ. ಹೋಲ್ಸ್ಟ್ ಆಗ ಬದುಕಿದ್ದರು, ಆದರೆ ಸೇರಿಸಲಿಲ್ಲ. 2000ದಲ್ಲಿ ಕಾಲಿನ್ ಮ್ಯಾಥ್ಯೂಸ್ ಅನ್ನುವವರು ಪ್ಲೂಟೋಗೂ ಒಂದು ಭಾಗ ಬರೆದು ಅಂಟಿಸಿದರು. 2006ರಲ್ಲಿ ಸೈಮನ್ ರ‍್ಯಾಟಲ್ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ಅದನ್ನೂ ಸೇರಿಸಿ ಸಿಡಿ ತಂದರು. ಅದೇ ಆಗಸ್ಟ್‌ನಲ್ಲಿ ಖಗೋಳ ವಿಜ್ಞಾನಿಗಳು ಸಭೆ ಸೇರಿ ಪ್ಲೂಟೋ ಗ್ರಹವೇ ಅಲ್ಲ ಅಂದುಬಿಟ್ಟರು. ಸಿಲಬಸ್ ಬದಲಾದ ವಾರವೇ ಹಳೇ ಎಡಿಷನ್ ಟೆಕ್ಸ್ಟ್‌ಬುಕ್ ಕೊಂಡವರಿಗೆ ಈ ನೋವು ಅರ್ಥ ಆಗುತ್ತೆ. ನಮಗೆ ಕೇಳಿದರೆ ಪ್ಲೂಟೋ ಅಂಟಿಸಬಾರದಿತ್ತು. ವಿಜ್ಞಾನದ ಕಾರಣಕ್ಕಲ್ಲ. ನೆಪ್ಚೂನ್ ಆದಮೇಲೆ ಏನೂ ಬರಬಾರದು, ಅದಕ್ಕೆ.

ನೆಪ್ಚೂನ್ ಕೂಡ ಮಂಗಳನ ಹಾಗೆ ಐದರ ಲೆಕ್ಕವೇ. ಆದರೆ ಇಲ್ಲಿ ಆ ಐದು ಎಲ್ಲಿ ಶುರು ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ. ಇಡೀ ಆರ್ಕೆಸ್ಟ್ರಾ ಮೊದಲಿಂದ ಕೊನೇವರೆಗೂ ಮೆಲ್ಲಗೆ ನುಡಿಸಬೇಕು. ಅರ್ಧ ದಾರಿಯಲ್ಲಿ, ಕೊನೆಗೂ, ಹಾಡೋರು ಬರ್ತಾರೆ. ಬರೀ ಹೆಂಗಸರ ದನಿ, ಪದಗಳೇ ಇಲ್ಲ, ವೇದಿಕೆಯ ಮೇಲೆ ಕಾಣೋದೂ ಇಲ್ಲ. ಪಕ್ಕದ ಕೋಣೆಯಲ್ಲಿ ನಿಂತು ಹಾಡಬೇಕು, ನಡುವಿನ ಬಾಗಿಲು ತೆರೆದಿರಬೇಕು, ಕೊನೆಯಲ್ಲಿ ಆ ಬಾಗಿಲನ್ನು ಸದ್ದಾಗದಂತೆ ನಿಧಾನವಾಗಿ ಮುಚ್ಚಬೇಕು, ಕೊನೆಯ ಸಾಲನ್ನು ಸದ್ದು ದೂರದಲ್ಲಿ ಕರಗಿಹೋಗುವವರೆಗೆ ಮತ್ತೆ ಮತ್ತೆ ಹಾಡುತ್ತಿರಬೇಕು ಅಂತ ಸ್ಕೋರಿನಲ್ಲೇ ಬರೆದಿದೆ. ಫೇಡ್‌ಔಟ್ ಮಾಡೋಕೆ ನಾಬ್ ಇಲ್ಲದ ಕಾಲದಲ್ಲಿ ಬಾಗಿಲನ್ನೇ ನಾಬ್ ಮಾಡಿಕೊಂಡರು. 1918ರಲ್ಲಿ ಆ ಬಾಗಿಲ ಹಿಂದೆ ಹಾಡಿದ್ದು ಹೋಲ್ಸ್ಟ್ ಅವರದೇ ಶಿಷ್ಯೆಯರು. ಆ ಬಾಗಿಲು ಈಗಿಲ್ಲ. 1941ರ ಮೇ ತಿಂಗಳಲ್ಲಿ ಜರ್ಮನ್ ವಿಮಾನಗಳು ಹಾಕಿದ ಬಾಂಬಿಗೆ ಕ್ವೀನ್ಸ್ ಹಾಲ್ ಇಡೀ ಸುಟ್ಟುಹೋಯಿತು.

ನೆಪ್ಚೂನ್ ಹೇಗಿದೆ ಅಂತ ಹೋಲ್ಸ್ಟ್ ನೋಡಲಿಲ್ಲ. ಅವರು ತೀರಿಕೊಂಡಿದ್ದು 1934ರಲ್ಲಿ, ಹತ್ತಿರದಿಂದ ಅದನ್ನು ನೋಡಿದ ಒಂದೇ ಒಂದು ನೌಕೆ ವಾಯೇಜರ್ 2 ಅಲ್ಲಿಗೆ ಹೋಗಿದ್ದು 1989ರ ಆಗಸ್ಟ್‌ನಲ್ಲಿ. ಆ ನೌಕೆಯ ಮೇಲೊಂದು ಚಿನ್ನದ ಲೇಪದ ತಾಮ್ರದ ಪ್ಲೇಟು ಇದೆ, ಗೊತ್ತಲ್ಲ? ಅದರಲ್ಲಿ ಬೀಥೋವನ್ ಇದ್ದಾನೆ, ಸ್ಟ್ರಾವಿನ್ಸ್ಕಿ ಇದ್ದಾನೆ, ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡದ್ದೂ ಇದೆ, ಕನ್ನಡಿಗರೆಲ್ಲರ ಪರವಾಗಿ ಹೇಳಿದ ಒಂದು ಸಣ್ಣ ನಮಸ್ಕಾರ. ಹೋಲ್ಸ್ಟ್‌ನ ಪ್ಲಾನೆಟ್ಸ್ ಮಾತ್ರ ಇಲ್ಲ. ಅಂದರೆ ನೆಪ್ಚೂನ್ ಪಕ್ಕದಲ್ಲಿ 'ನೆಪ್ಚೂನ್' ಹಾದುಹೋಗಲಿಲ್ಲ, ಕನ್ನಡ ಹಾದುಹೋಯಿತು. ಆದರೆ ನುಡಿಸುವವರಿಲ್ಲದೆ, ಗಾಳಿಯಿಲ್ಲದೆ, ಬರೀ ಗೆರೆಗಳಾಗಿ.

ಸರಿ, ನೆಪ್ಚೂನ್ ಎಲ್ಲಿ ಮುಗಿಯುತ್ತೆ? ಇದನ್ನು ನಾವು ಒಡಾಸಿಟಿಯಲ್ಲಿ ಹಾಕಿ ನೋಡಿದೆವು. 1926ರದ್ದು ಮುಗಿಯೋದೇ ಇಲ್ಲ. ಹಾಡೋರ ದನಿ ಪ್ಲೇಟಿನ 'ಸ್ಸ್' ಒಳಗೆ ಇಳಿದು, ಬರೀ 'ಸ್ಸ್' ಉಳಿಯುತ್ತೆ. ಬಾಗಿಲು ಮುಚ್ಚಿತೋ ಇಲ್ಲವೋ ವೇವ್‌ಫಾರ್ಮ್ ನೋಡಿ ಹೇಳೋಕಾಗಲ್ಲ. ಹೊಸ ಡಿಜಿಟಲ್ ರೆಕಾರ್ಡಿಂಗ್‌ಗಳಲ್ಲಿ ಗೆರೆ ತೆಳ್ಳಗಾಗುತ್ತಾ ಹೋಗಿ ಒಂದು ಕಡೆ ನಿಜವಾಗಲೂ ಸೊನ್ನೆ ಆಗುತ್ತೆ. 16 ಬಿಟ್ಟಿನ ಸಿಡಿಗೆ ಸುಮಾರು 96 ಡೆಸಿಬೆಲ್ ವ್ಯಾಪ್ತಿ ಇದೆ, ಹಳೇ ಪ್ಲೇಟಿಗೆ ಅದರ ಅರ್ಧವೂ ಇಲ್ಲ. ಆದರೆ ಈ 96ರಿಂದ ನಮ್ಮ ರೂಮಿಗೇನು ಉಪಯೋಗ? ತಲೆಯ ಮೇಲೆ ಫ್ಯಾನು ಗರಗರ ಅಂತಿದೆ. ಸೊನ್ನೆ ಆಗೋದಕ್ಕೆ ಅರ್ಧ ನಿಮಿಷ ಮೊದಲೇ ಹಾಡೋರು ಫ್ಯಾನಿನೊಳಗೆ ಮುಳುಗಿಹೋಗ್ತಾರೆ. ನಮ್ಮ ನಾಯ್ಸ್ ಫ್ಲೋರ್ ಅಂದರೆ ಹಾಸ್ಟೆಲಿನ ಫ್ಯಾನು. ಏಪ್ರಿಲ್‌ನಲ್ಲಿ ಅದನ್ನು ಆರಿಸೋಕೆ ಯಾವ ಅನುಭಾವಿಗೂ ಧೈರ್ಯ ಬರಲ್ಲ.

ಮೊನ್ನೆ ಕರೆಂಟ್ ಹೋಯಿತು. ರಾತ್ರಿ ಹನ್ನೊಂದೂವರೆ, ಇಡೀ ಬ್ಲಾಕ್ ಕತ್ತಲೆ. ಒಂದು ಕ್ಷಣ ಎಲ್ಲ ರೂಮುಗಳಿಂದ 'ಓ' ಅಂತ ಕೂಗು, ಆಮೇಲೆ ಅದೂ ನಿಂತಿತು. ಸ್ಪೀಕರಿನಲ್ಲಿ ಚಾರ್ಜ್ ಇತ್ತು. ಯಾರೂ ಯಾರಿಗೂ ಹೇಳದೆ ಬೋಲ್ಟ್‌ನ ನೆಪ್ಚೂನ್ ಹಾಕಿದೆವು. ಫ್ಯಾನಿಲ್ಲ, ಟ್ಯೂಬ್‌ಲೈಟಿನ ಗುಂಯ್ ಇಲ್ಲ. ಇಷ್ಟು ದಿನ ಕೇಳದಿದ್ದ ಎಷ್ಟೋ ಇತ್ತು ಅದರಲ್ಲಿ: ಸೆಲೆಸ್ಟಾದ ಸಣ್ಣ ಸಣ್ಣ ಗಂಟೆ, ಹಾರ್ಪಿನ ಬೆರಳು, ಆರ್ಗನ್ನಿನ ತಳದ ಗಾಳಿ. ಹಾಡೋರು ಬಂದರು. ಒಂದು ಆಟ ಮಾಡಿಕೊಂಡೆವು: ಸದ್ದು ನಿಂತಿತು ಅನಿಸಿದಾಗ ಕೈ ಎತ್ತಬೇಕು. ಅವನು ಕೇಳಿಸುವ ಕಿವಿಯನ್ನು ಬಕೆಟ್ಟಿನ ಕಡೆಗಿಟ್ಟು ನೆಲದ ಮೇಲೆ ಮಲಗಿದ್ದ.

ದನಿ ದೂರ ಹೋಯಿತು. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಹಿಂದಕ್ಕೆ. ದೂರಕ್ಕೆ ಸ್ಟೀರಿಯೋ ಬೇಕಿಲ್ಲ, ಅದು ಒಂದೇ ಕಿವಿಗೂ ಗೊತ್ತಾಗುತ್ತೆ ಅಂತ ಅವನೇ ನಮಗೆ ಹೇಳಿದ್ದು. ಮೊದಲು ಒಬ್ಬನ ಕೈ ಮೇಲೆ ಹೋಯಿತು. ನಾಲ್ಕೈದು ಸೆಕೆಂಡಿನ ಮೇಲೆ ಇನ್ನೊಬ್ಬನದು. ಮೊಬೈಲಿನ ಪರದೆಯಲ್ಲಿ ಟ್ರ್ಯಾಕ್ ಮುಗಿದು ನಿಂತಿತು. ಅವನ ಕೈ ಏಳಲಿಲ್ಲ. ನಿದ್ದೆ ಬಂತೇನೋ ಅಂತ ಬಗ್ಗಿ ನೋಡಿದರೆ ಕಣ್ಣು ಬಿಟ್ಟುಕೊಂಡೇ ಇದ್ದ.

"ಮುಗೀತಲ್ಲೋ," ಅಂದೆವು.

"ಇರ‍್ರೋ, ಇನ್ನೂ ಇದೆ," ಅಂದ.

ನಾವೂ ಕೈ ಇಳಿಸಿ ಕಾದೆವು. ಕಿಟಕಿಯ ಹೊರಗೆ ಒಂದು ಜೀರುಂಡೆ. ದೂರದ ಹೈವೇಯಲ್ಲಿ ಲಾರಿ. ಎರಡು ನಿಮಿಷವೋ ಮೂರು ನಿಮಿಷವೋ ಆಗಿರಬೇಕು, ಮೆಸ್ಸಿನ ಹಿಂದೆ ಜನರೇಟರ್ ಶುರುವಾಯಿತು.